ಬೆಲ್ಜಿಯಂನಲ್ಲಿ ಓದಬಹುದು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಓದುವಂತಿಲ್ಲ: ಆನ್ ಫ್ರಾಂಕ್ ಡೈರಿಯ ಜಗಳ ಏನು?

ಆನ್ ಫ್ರಾಂಕ್ ಡೈರಿ ಬರೆದದ್ದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಡಚ್ ಭಾಷೆಯಲ್ಲಿ. ಆ ಡೈರಿಯ ಹಸ್ತಪ್ರತಿಗಳ ಪೂರ್ತಿ ಪಠ್ಯ, ವಿದ್ವಾಂಸರ ಟಿಪ್ಪಣಿಗಳ ಸಮೇತ, 2021ರಿಂದ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತಿದೆ. ಬೆಲ್ಜಿಯಂನಲ್ಲಿ ಇರುವವರು ಅದನ್ನು ಆರಾಮಾಗಿ ಓದಬಹುದು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಅವಳು ಅಡಗಿ ಕೂತು ಬರೆದ ಮನೆಯ ಎದುರಿಗೇ ನಿಂತು ಫೋನಿನಲ್ಲಿ ತೆರೆಯಲು ಹೋದರೆ, ಅದು ತೆರೆಯುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಅದಕ್ಕೆ ಬೀಗ.

ಆ ಬೀಗವೂ ಸಾಲದು ಎಂದು, ಡೈರಿಯ ಕಾಪಿರೈಟ್ ಇರುವ ಆನ್ ಫ್ರಾಂಕ್ ಫಾಂಡ್ಸ್‌ನವರು, ಪಠ್ಯ ಹಾಕಿದವರಲ್ಲಿ ಒಂದಾದ ಆನ್ ಫ್ರಾಂಕ್ ಸ್ಟಿಖ್ಟಿಂಗ್ ವಿರುದ್ಧ ಕೋರ್ಟಿಗೆ ಹೋದರು. ಕೆಳಗಿನ ಎರಡು ಕೋರ್ಟುಗಳಲ್ಲಿ ಸೋತರೂ ಅವರು ಬಿಡಲಿಲ್ಲ. 2024ರ ನವೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ಒಕ್ಕೂಟದ ನ್ಯಾಯಾಲಯಕ್ಕೆ ಕಳಿಸಿತು. ಬೇರೆ ದೇಶದಲ್ಲಿದ್ದಂತೆ ತೋರಿಸುವ ವಿಪಿಎನ್ ಎಂಬ ಸೌಲಭ್ಯ ಹಾಕಿಕೊಂಡು ಯಾರಾದರೂ ಬೀಗ ದಾಟಿ ಒಳಗೆ ಹೋದರೆ ಅದು ಯಾರ ತಪ್ಪು ಅನ್ನೋದು ಅಲ್ಲಿರುವ ಪ್ರಶ್ನೆ.

ಸುದ್ದಿ ಓದಿದವರಿಗೆ ತಲೆಬುಡ ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ. ನಾಜಿಗಳ ಕ್ಯಾಂಪಿನಲ್ಲಿ ಹದಿನೈದನೇ ವಯಸ್ಸಿಗೆ ಸತ್ತ ಹುಡುಗಿಯ ಡೈರಿ. ಜಗಳವಾಡುತ್ತಿರುವ ಎರಡೂ ಸಂಸ್ಥೆಗಳ ಹೆಸರಿನಲ್ಲಿ ಅವಳ ಹೆಸರೇ ಇದೆ. ಎರಡೂ ಅವಳ ನೆನಪು ಉಳಿಸಲೆಂದೇ ಹುಟ್ಟಿದವು. ಹಾಗಿದ್ದರೆ ಜಗಳ ಯಾಕೆ?

ಇದನ್ನು ಬರೀ ಇಂಟರ್ನೆಟ್ ಕಾನೂನಿನ ಕೇಸು ಎಂದು ನೋಡಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಎಪ್ಪತ್ತು ವರ್ಷಗಳಿಂದ ಆನ್ ಫ್ರಾಂಕ್ ನಾಟಕದಲ್ಲಿ, ಸಿನಿಮಾದಲ್ಲಿ, ಕಾದಂಬರಿಯಲ್ಲಿ ಪಾತ್ರವಾಗಿ ಬರುತ್ತಿದ್ದಾಳೆ. ಅವಳ ಮಾತನ್ನು ಬಳಸಲು ಅನುಮತಿ ಕೊಡುವ ಅಧಿಕಾರ ಯಾರ ಕೈಯಲ್ಲಿತ್ತೋ, ಜಗತ್ತು ಯಾವ ಆನ್‌ಳನ್ನು ನೋಡಬೇಕು ಅನ್ನೋದನ್ನು ಬಹುಮಟ್ಟಿಗೆ ಅವರೇ ತೀರ್ಮಾನಿಸಿದರು. ಆ ಅಧಿಕಾರ ಈಗ ಒಂದೊಂದು ದೇಶದಲ್ಲಿ ಒಂದೊಂದು ವರ್ಷ ಮುಗಿಯುತ್ತಾ ಬಂದಿದೆ.

ಕಾಗದ ಒಬ್ಬರದು, ಮಾತು ಇನ್ನೊಬ್ಬರದು, ಮನೆ ಮತ್ತೊಬ್ಬರದು

ಅಡಗುತಾಣದಲ್ಲಿದ್ದ ಎಂಟು ಜನರಲ್ಲಿ ಬದುಕಿ ವಾಪಸು ಬಂದದ್ದು ಆನ್‌ಳ ಅಪ್ಪ ಒಟ್ಟೊ ಫ್ರಾಂಕ್ ಒಬ್ಬರೇ. ಪೊಲೀಸರು 1944ರ ಆಗಸ್ಟ್ 4ರಂದು ಎಲ್ಲರನ್ನೂ ಹಿಡಿದೊಯ್ದ ಮೇಲೆ ನೆಲದ ಮೇಲೆ ಚೆಲ್ಲಾಡಿದ್ದ ನೋಟ್‌ಬುಕ್ಕು, ಹಾಳೆಗಳನ್ನು ಆಯ್ದು ಇಟ್ಟುಕೊಂಡದ್ದು ಒಟ್ಟೊ ಆಫೀಸಿನಲ್ಲಿ ಕೆಲಸಕ್ಕಿದ್ದ ಮೀಪ್ ಗೀಸ್ ಮತ್ತು ಬೆಪ್ ವೊಸ್ಕಾಯ್ಲ್. ಆನ್ ಸತ್ತ ಸುದ್ದಿ ಖಚಿತವಾದ ಮೇಲೆ ಮೀಪ್ ಅದನ್ನೆಲ್ಲ ಒಟ್ಟೊ ಕೈಗೆ ಕೊಟ್ಟರು.

ಒಟ್ಟೊ ಆಮೇಲೆ ಮಾಡಿದ ವ್ಯವಸ್ಥೆಯಿಂದಲೇ ಇವತ್ತಿನ ತೊಡಕು ಶುರುವಾಯಿತು. ಅವರು ಅಡಗಿದ್ದ ಪ್ರಿನ್ಸೆನ್‌ಗ್ರಾಹ್ಟ್ 263ರ ಮನೆ ಉಳಿಸಲು 1957ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆನ್ ಫ್ರಾಂಕ್ ಸ್ಟಿಖ್ಟಿಂಗ್ ಹುಟ್ಟಿತು. ವರ್ಷಕ್ಕೆ ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ನೋಡುವ ಮ್ಯೂಸಿಯಂ ನಡೆಸುವುದು ಅವರೇ. ಒಟ್ಟೊ ಆಗಲೇ ಸ್ವಿಟ್ಜರ್ಲೆಂಡ್‌ನಲ್ಲಿ ನೆಲೆಸಿದ್ದರು. 1963ರಲ್ಲಿ ಅಲ್ಲಿನ ಬಾಸೆಲ್ ನಗರದಲ್ಲಿ ಆನ್ ಫ್ರಾಂಕ್ ಫಾಂಡ್ಸ್ ಅನ್ನೋ ಇನ್ನೊಂದು ಸಂಸ್ಥೆ ಕಟ್ಟಿದರು. ಕಾಪಿರೈಟ್ ಹೋದದ್ದು ಇವರಿಗೆ. 1980ರಲ್ಲಿ ಒಟ್ಟೊ ತೀರಿಕೊಂಡಾಗ ಹಸ್ತಪ್ರತಿಗಳು ಉಯಿಲಿನ ಪ್ರಕಾರ ಡಚ್ ಸರ್ಕಾರಕ್ಕೆ ಸೇರಿದವು.

ಅಂದರೆ ಕಾಗದ ಸರ್ಕಾರದ್ದು, ಕಾಗದದ ಮೇಲಿನ ಮಾತು ಬಾಸೆಲ್‌ನವರದ್ದು, ಆ ಮಾತು ಹುಟ್ಟಿದ ಮನೆ ಆಮ್‌ಸ್ಟರ್‌ಡ್ಯಾಮ್‌ನವರದ್ದು. ನಮ್ಮಲ್ಲಿ ಅಣ್ಣತಮ್ಮಂದಿರಿಗೆ ಜಮೀನು ಒಬ್ಬನಿಗೆ, ಬಾವಿ ಒಬ್ಬನಿಗೆ, ದಾರಿ ಇನ್ನೊಬ್ಬನಿಗೆ ಎಂದು ಪಾಲು ಮಾಡಿದರೆ ಏನಾಗುತ್ತದೆ? ಅದೇ ಇಲ್ಲೂ ಆಯಿತು. ವೆಬ್‌ಸೈಟ್ ಕೇಸಿಗೆ ಎಷ್ಟೋ ಮೊದಲೇ ಇವರಿಬ್ಬರು ಬೇರೆ ದಾಖಲೆಗಳ ವಿಷಯಕ್ಕೆ ಕೋರ್ಟಿನಲ್ಲಿ ಎದುರುಬದುರಾಗಿದ್ದರು.

ಆನ್ ಎರಡು ಸಲ ಬರೆದಳು

ಡೈರಿ ಅಂದರೆ ಒಂದೇ ಪುಸ್ತಕ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 1942ರ ಜೂನ್ 12ರಂದು ಹದಿಮೂರನೇ ಹುಟ್ಟುಹಬ್ಬಕ್ಕೆ ಸಿಕ್ಕ ಚೌಕಳಿ ರಟ್ಟಿನ ಪುಸ್ತಕದಲ್ಲಿ ಆನ್ ಬರೆಯಲು ಶುರುಮಾಡಿದಳು. 1944ರ ಮಾರ್ಚ್ 28ರಂದು ಲಂಡನ್‌ನಿಂದ ಬರುತ್ತಿದ್ದ ಡಚ್ ರೇಡಿಯೊದಲ್ಲಿ ಒಬ್ಬ ಮಂತ್ರಿ ಮಾತಾಡಿದರು. ಯುದ್ಧಕಾಲದ ಡೈರಿ, ಕಾಗದಪತ್ರಗಳನ್ನು ಜೋಪಾನ ಮಾಡಿ, ಮುಂದೆ ಬೇಕಾಗುತ್ತದೆ ಅಂದರು. ಆನ್ ಅದನ್ನು ಕೇಳಿದಳು. ಮೇ ತಿಂಗಳಲ್ಲಿ ಡೈರಿಯನ್ನು ಬಿಡಿ ಹಾಳೆಗಳ ಮೇಲೆ ಮತ್ತೆ ಬರೆಯಲು ಕೂತಳು. ಕೆಲವು ಕಡೆ ಕತ್ತರಿಸಿದಳು, ಕೆಲವು ಕಡೆ ಬೆಳೆಸಿದಳು, ಜನರ ಹೆಸರು ಬದಲಾಯಿಸಿದಳು. ಪುಸ್ತಕಕ್ಕೆ ಹೆಸರೂ ಇಟ್ಟಳು: 'ಹೆತ್ ಅಖ್ತರ್‌ಹಾಯ್ಸ್'. ಕನ್ನಡದಲ್ಲಿ ಹೇಳುವುದಾದರೆ ಹಿತ್ತಲ ಮನೆ.

ವಿದ್ವಾಂಸರು ಮೊದಲ ಬರಹಕ್ಕೆ ಎ ಎಂದೂ, ತಿದ್ದಿ ಬರೆದದ್ದಕ್ಕೆ ಬಿ ಎಂದೂ ಕರೆಯುತ್ತಾರೆ. ಎರಡೂ ಅರೆಬರೆ. 1942ರ ಕೊನೆಯಿಂದ ಸುಮಾರು ಒಂದು ವರ್ಷದ ಎ ಕಳೆದುಹೋಗಿದೆ. ಬಿ 1944ರ ಮಾರ್ಚ್ 29ಕ್ಕೆ ನಿಂತಿದೆ, ಯಾಕೆಂದರೆ ಅಷ್ಟು ಬರೆಯುವ ಹೊತ್ತಿಗೆ ಪೊಲೀಸರು ಬಂದರು. ಒಟ್ಟೊ ಎರಡನ್ನೂ ಸೇರಿಸಿ, ಕೆಲವು ಭಾಗ ತೆಗೆದು, 1947ರಲ್ಲಿ ಪುಸ್ತಕ ಮಾಡಿದರು. ಇದು ಸಿ. ಹೆಂಡತಿಯ ಬಗ್ಗೆ ಮಗಳು ಬರೆದ ಕಟುವಾದ ಮಾತು, ಮೈ ಬೆಳೆಯುವ ಬಗ್ಗೆ ಅವಳಿಗಿದ್ದ ಕುತೂಹಲದಂಥ ಕೆಲವು ಜಾಗಗಳು ಬಿಟ್ಟುಹೋದವು. ಹೆಂಡತಿ, ಇಬ್ಬರು ಮಕ್ಕಳನ್ನು ಕಳಕೊಂಡ ಮನುಷ್ಯ ಮಾಡಿದ ಕೆಲಸ ಅದು. ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. ಆದರೆ ಜಗತ್ತು ಓದಿದ್ದು ಆ ಸೋಸಿದ ಆನ್‌ಳನ್ನೇ.

ಭಾಷೆ ದಾಟುವಾಗ ಇನ್ನಷ್ಟು ಸೋಸಿತು. ಅಡಗುತಾಣಕ್ಕೆ ಆನ್ ಒಂದು ತಮಾಷೆಯ ನಿಯಮಾವಳಿ ಬರೆದಿದ್ದಳು. ಅದರಲ್ಲಿ ಭಾಷೆಯ ಬಗ್ಗೆ ಒಂದು ನಿಯಮ: ಸುಸಂಸ್ಕೃತ ಭಾಷೆಗಳಿಗೆಲ್ಲ ಅವಕಾಶ ಉಂಟು, ಹಾಗಾಗಿ ಜರ್ಮನ್ ಬೇಡ. 1950ರ ಜರ್ಮನ್ ಅನುವಾದದಲ್ಲಿ ಇದು 'ಸುಸಂಸ್ಕೃತ ಭಾಷೆಗಳಿಗೆಲ್ಲ ಅವಕಾಶ ಉಂಟು, ಆದರೆ ಮೆಲ್ಲಗೆ' ಎಂದಾಯಿತು. ಕೊಂಡು ಓದುವ ಜರ್ಮನರಿಗೆ ಬೇಜಾರಾಗಬಾರದಲ್ಲ!

ಬ್ರಾಡ್‌ವೇ ಕಟ್ಟಿದ ಹುಡುಗಿ

ನಿಜವಾದ ದೊಡ್ಡ ಬದಲಾವಣೆ ನಾಟಕದಲ್ಲಿ ಆಯಿತು. 1955ರ ಅಕ್ಟೋಬರ್ 5ರಂದು ನ್ಯೂಯಾರ್ಕ್‌ನ ನಾಟಕಗಳ ಕೇರಿ ಬ್ರಾಡ್‌ವೇಯ ಕಾರ್ಟ್ ಥಿಯೇಟರಿನಲ್ಲಿ 'ದ ಡೈರಿ ಆಫ್ ಆನ್ ಫ್ರಾಂಕ್' ಪರದೆ ಎತ್ತಿತು. ಬರೆದವರು ಫ್ರಾನ್ಸಸ್ ಗುಡ್‌ರಿಚ್ ಮತ್ತು ಆಲ್ಬರ್ಟ್ ಹ್ಯಾಕೆಟ್, ಹಾಲಿವುಡ್‌ನಲ್ಲಿ ನಗೆಚಿತ್ರಗಳಿಗೆ ಹೆಸರಾದ ಗಂಡಹೆಂಡತಿ. ಇಬ್ಬರೂ ಯೆಹೂದಿಗಳಲ್ಲ. ನಾಟಕ 717 ಪ್ರದರ್ಶನ ಕಂಡಿತು, ಪುಲಿಟ್ಜರ್ ಪ್ರಶಸ್ತಿ ಬಂತು, ನಾಟಕಗಳಿಗೆ ಕೊಡುವ ಟೋನಿ ಬಂತು. ಮರುವರ್ಷ ಜರ್ಮನಿಯ ಹಲವು ನಗರಗಳಲ್ಲಿ ಒಂದೇ ದಿನ ಶುರುವಾದಾಗ ಜನ ಚಪ್ಪಾಳೆ ತಟ್ಟದೆ ಮೌನವಾಗಿ ಎದ್ದುಹೋದರು. ನಾಟಕಕ್ಕೆ ಶಕ್ತಿ ಇತ್ತು, ಅದರಲ್ಲಿ ಅನುಮಾನವಿಲ್ಲ.

ಈಗ ಎರಡು ಜಾಗ ಹತ್ತಿರದಿಂದ ನೋಡೋಣ.

1944ರ ಏಪ್ರಿಲ್ 11ರಂದು ಡೈರಿಯಲ್ಲಿ ಆನ್ ಕೇಳುತ್ತಾಳೆ: ನಮ್ಮ ಮೇಲೆ ಇದನ್ನು ಹೇರಿದವರು ಯಾರು, ಯೆಹೂದಿಗಳಾದ ನಮ್ಮನ್ನು ಉಳಿದ ಜನರಿಂದ ಬೇರೆ ಮಾಡಿದವರು ಯಾರು, ಇಷ್ಟೊಂದು ಕಷ್ಟ ನಮಗೇ ಯಾಕೆ? ನಾಟಕದಲ್ಲಿ ಇದೇ ಜಾಗಕ್ಕೆ ಬರುವ ಮಾತು ಏನು ಗೊತ್ತಾ? ಕಷ್ಟಪಟ್ಟವರು ನಾವು ಮಾತ್ರವಲ್ಲ, ಒಮ್ಮೆ ಒಂದು ಜನಾಂಗ, ಇನ್ನೊಮ್ಮೆ ಇನ್ನೊಂದು. ಅಂದರೆ ಡೈರಿಯಲ್ಲಿ 'ನಾವೇ ಯಾಕೆ' ಎಂದು ಕೇಳುವ ಹುಡುಗಿ ನಾಟಕದಲ್ಲಿ 'ನಾವು ಮಾತ್ರವೇನಲ್ಲ' ಎಂದು ಸಮಾಧಾನ ಹೇಳುತ್ತಾಳೆ. ನಿರ್ದೇಶಕ ಗಾರ್ಸನ್ ಕೆನಿನ್‌ಗೆ ಮೂಲದ ಮಾತು ಮುಜುಗರ ತರುವಂತೆ ಕಂಡಿತ್ತು. ಅವರೂ ಯೆಹೂದಿಯೇ, ಗಮನಿಸಿ. 1950ರ ದಶಕದ ಅಮೆರಿಕದಲ್ಲಿ ತೀರಾ ಯೆಹೂದಿ ಅನ್ನಿಸುವ ನಾಟಕ ಓಡುವುದಿಲ್ಲ ಅನ್ನೋ ಭಯ ಹೊರಗಿನವರಿಗಿಂತ ಒಳಗಿನವರಿಗೇ ಜಾಸ್ತಿ ಇತ್ತು.

ಎರಡನೆಯದು ಹಲ್ಲಿನ ಡಾಕ್ಟರ್ ಫ್ರಿಟ್ಸ್ ಫೆಫರ್ ಕಥೆ. ಆನ್ ಅವರ ಜೊತೆ ಒಂದೇ ಕೋಣೆ ಹಂಚಿಕೊಂಡಿದ್ದಳು. ಅವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಡೈರಿಯಲ್ಲಿ ಅವರಿಗೆ 'ಡುಸೆಲ್' ಎಂದು ಹೆಸರಿಟ್ಟಳು, ಜರ್ಮನ್‌ನಲ್ಲಿ ಪೆದ್ದ ಎಂಬ ಅರ್ಥ ಬರುವ ಪದ. ನಾಟಕದಲ್ಲಿ ಯೆಹೂದಿಗಳ ಹನುಕ್ಕಾ ಹಬ್ಬದ ದೃಶ್ಯವೊಂದಿದೆ. ಅಲ್ಲಿ ಡುಸೆಲ್‌ಗೆ ಹನುಕ್ಕಾ ಏನೆಂದೇ ಗೊತ್ತಿಲ್ಲ. ನಮ್ಮ ಸೇಂಟ್ ನಿಕೊಲಸ್ ದಿನದ ಥರ ಅಲ್ವಾ ಅನ್ನುತ್ತಾನೆ, ಅದು ಕ್ರೈಸ್ತರ ಹಬ್ಬ. ಪ್ರೇಕ್ಷಕರಿಗೆ ಹಬ್ಬ ವಿವರಿಸಲು ನಾಟಕಕಾರರಿಗೆ ಏನೂ ತಿಳಿಯದ ಒಬ್ಬ ಪಾತ್ರಧಾರಿ ಬೇಕಿತ್ತು, ಅಷ್ಟೇ. ನಿಜವಾದ ಫೆಫರ್ ಆ ಮನೆಯಲ್ಲಿ ಧರ್ಮಶ್ರದ್ಧೆ ಇದ್ದವರು, ಹೀಬ್ರೂ ಬಲ್ಲವರು. ಅವರು ಕ್ಯಾಂಪಿನಲ್ಲಿ ಸತ್ತರು. ಅವರ ಸಂಗಾತಿ ಶಾರ್ಲೊಟ್ ಕಲೆಟಾ ಬದುಕಿದ್ದರು, ನಾಟಕಕಾರರಿಗೆ ಪ್ರತಿಭಟಿಸಿ ಬರೆದರು. ಏನೂ ಬದಲಾಗಲಿಲ್ಲ. ಫಾನ್ ದಾನ್ ಎಂಬ ಹೆಸರಿನಲ್ಲಿ ಬರುವ ಹೆರ್ಮನ್ ಫಾನ್ ಪೆಲ್ಸ್ ರಾತ್ರಿ ಬ್ರೆಡ್ ಕದ್ದು ಸಿಕ್ಕಿಬೀಳುವ ದೃಶ್ಯವೂ ನಾಟಕದವರು ಹುಟ್ಟಿಸಿದ್ದೇ. ಸತ್ತವರು ಬಂದು ಕೇಳುವುದಿಲ್ಲವಲ್ಲ.

ಇನ್ನು ಕೊನೆಯ ಸಾಲು. ಇಷ್ಟೆಲ್ಲ ಆದರೂ ಜನ ಒಳಗಿಂದ ಒಳ್ಳೆಯವರೇ ಎಂದು ನಂಬುತ್ತೇನೆ ಅನ್ನೋ ಮಾತು. ಟೀ ಶರ್ಟಿನ ಮೇಲೂ ಬಂದಿದೆ ಅದು. ನಾಟಕದಲ್ಲಿ ಆನ್‌ಳ ದನಿಯಲ್ಲಿ ಕೇಳುವ ಕೊನೆಯ ಮಾತು ಇದೇ. ಡೈರಿಯಲ್ಲಿ ಅದು 1944ರ ಜುಲೈ 15ರ ಬರಹದ ನಡುವೆ ಇದೆ. ಅದರ ಹಿಂದೆಯೇ ಅವಳು ಜಗತ್ತು ನಿಧಾನಕ್ಕೆ ಬೆಂಗಾಡಾಗುತ್ತಿರುವುದನ್ನು ಕಾಣುತ್ತೇನೆ, ತಮ್ಮನ್ನೂ ಬಲಿ ತೆಗೆದುಕೊಳ್ಳಲು ಬರುತ್ತಿರುವ ಗುಡುಗು ಕೇಳಿಸುತ್ತಿದೆ, ಲಕ್ಷಾಂತರ ಜನರ ನೋವು ನನಗೆ ತಟ್ಟುತ್ತಿದೆ ಎಂದು ಬರೆಯುತ್ತಾಳೆ. ಆಮೇಲೆ ಮತ್ತೆ ಆಸೆಗೆ ಬರುತ್ತಾಳೆ. ನಾಟಕ ನಡುವಿನ ಗುಡುಗನ್ನು ತೆಗೆದುಹಾಕಿತು. ಇನ್ನೊಂದು ವಿಷಯ: ಜುಲೈ 15ರ ಬರಹ ಎ ಪ್ರತಿಯಲ್ಲಿ ಮಾತ್ರ ಇದೆ. ತಿದ್ದುವ ಕೆಲಸದಲ್ಲಿ ಆನ್ ಅಲ್ಲಿಯವರೆಗೆ ತಲುಪಲೇ ಇಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖವಾದ ಅವಳ ಸಾಲನ್ನು ಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದಳೋ ಬಿಡುತ್ತಿದ್ದಳೋ, ಯಾರು ಹೇಳಬೇಕು?

ಲೆವಿನ್ ಯಾಕೆ ಕೋರ್ಟಿಗೆ ಹೋದರು

ಇದೆಲ್ಲ ಆಗುವಾಗಲೇ ತಕರಾರು ಎತ್ತಿದ ಒಬ್ಬರಿದ್ದರು. ಮೇಯರ್ ಲೆವಿನ್, ಅಮೆರಿಕದ ಯೆಹೂದಿ ಕಾದಂಬರಿಕಾರ. ಯುದ್ಧ ವರದಿಗಾರರಾಗಿ ನಾಜಿ ಕ್ಯಾಂಪುಗಳನ್ನು ಕಣ್ಣಾರೆ ಕಂಡವರು. 1952ರಲ್ಲಿ ಇಂಗ್ಲಿಷ್ ಅನುವಾದ ಬಂದಾಗ ನ್ಯೂಯಾರ್ಕ್ ಟೈಮ್ಸ್‌ನ ಪುಸ್ತಕ ಪುರವಣಿಯಲ್ಲಿ ಅವರು ಬರೆದ ವಿಮರ್ಶೆಯೂ ಪುಸ್ತಕ ಓಡಲು ಒಂದು ಕಾರಣ. ನಾಟಕ ಮೊದಲು ಬರೆದದ್ದೂ ಅವರೇ. ನಿರ್ಮಾಪಕರು ಒಪ್ಪಲಿಲ್ಲ.

ಲೆವಿನ್ ವಾದ ಸರಳ: ಅವಳನ್ನು ಕೊಂದದ್ದು ಅವಳು ಯೆಹೂದಿ ಅನ್ನೋ ಒಂದೇ ಕಾರಣಕ್ಕೆ, ಅದನ್ನೇ ತೆಗೆದರೆ ಕಥೆಯಲ್ಲಿ ಉಳಿಯುವುದೇನು? ಒಟ್ಟೊ ನಿಲುವು ಬೇರೆ. ಇದು ಯೆಹೂದಿ ಪುಸ್ತಕವಲ್ಲ, ಯೆಹೂದಿ ನಾಟಕ ಮಾಡಬೇಡಿ ಎಂದು ಅವರೇ ಲೆವಿನ್‌ಗೆ ಬರೆದಿದ್ದರು. ತಮ್ಮ ಮಗಳ ಮಾತು ಎಲ್ಲರಿಗೂ ತಲುಪಬೇಕು ಅನ್ನೋದು ಅವರ ಆಸೆ. ಲೆವಿನ್ ಕೇಸು ಹಾಕಿದರು. 1958ರಲ್ಲಿ ಜ್ಯೂರಿ ಅವರಿಗೆ 50 ಸಾವಿರ ಡಾಲರ್ ಕೊಡಬೇಕು ಅಂದಿತು, ಜಡ್ಜ್ ಅದನ್ನು ರದ್ದು ಮಾಡಿದರು, ಕೊನೆಗೆ 15 ಸಾವಿರಕ್ಕೆ ರಾಜಿಯಾಯಿತು. ರಾಜಿಯ ಬೆಲೆ ಏನೆಂದರೆ ತಮ್ಮ ನಾಟಕದ ಮೇಲಿನ ಹಕ್ಕನ್ನು ಲೆವಿನ್ ಬಿಟ್ಟುಕೊಟ್ಟರು. 1966ರಲ್ಲಿ ಇಸ್ರೇಲ್‌ನ ಸೈನಿಕರ ನಾಟಕ ತಂಡವೊಂದು ಅದನ್ನು ಆಡಿದಾಗ ವಕೀಲರ ನೋಟಿಸಿಗೆ ಹೆದರಿ ನಿಲ್ಲಿಸಬೇಕಾಯಿತು.

ಇವತ್ತಿನ ಜಗಳದ ಬೇರು ಇಲ್ಲಿದೆ. ಕೋರ್ಟಿನಲ್ಲಿ ಮಾತು ನಡೆದದ್ದು ಒಪ್ಪಂದ, ಹಕ್ಕು, ದುಡ್ಡಿನ ಬಗ್ಗೆ. ಪರಿಣಾಮ ಆದದ್ದು ಮಾತ್ರ ಪಾತ್ರದ ಮೇಲೆ. ಒಂದು ಆನ್ ಮಾತ್ರ ರಂಗಕ್ಕೆ ಬಂದಳು, ಇನ್ನೊಂದು ಆನ್ ಬರುವ ದಾರಿ ಕಾನೂನಿನಿಂದ ಮುಚ್ಚಿತು. ಲೆವಿನ್ ನಾಟಕವೇ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ. ಎರಡನ್ನೂ ನೋಡಿ ತೀರ್ಮಾನಿಸುವ ಅವಕಾಶ ಪ್ರೇಕ್ಷಕರಿಗೆ ಸಿಗಲಿಲ್ಲ.

ಆದರೆ ಒಟ್ಟೊ ಆರಿಸಿದ ದಾರಿಗೂ ಫಲ ಸಿಕ್ಕಿದೆ, ಅದನ್ನು ತಳ್ಳಿಹಾಕಲಾಗದು. ರಾಬೆನ್ ದ್ವೀಪದ ಜೈಲಿನಲ್ಲಿ ತಾವು ಕೆಲವರು ಈ ಡೈರಿ ಓದಿ ಧೈರ್ಯ ತಂದುಕೊಂಡೆವು ಎಂದು ನೆಲ್ಸನ್ ಮಂಡೇಲಾ ಹೇಳಿದ್ದಾರೆ. ಅಲ್ಲಿ ಓದಿದವರು ಅವಳನ್ನು ತಮ್ಮವಳೆಂದೇ ಕಂಡರು.

ಕ್ಯಾಮೆರಾ ಎಲ್ಲಿ ನಿಲ್ಲಬೇಕು

1959ರ ಸಿನಿಮಾ ಈ ನಾಟಕದಿಂದಲೇ ಬಂತು. ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಯುದ್ಧದ ಕೊನೆಗೆ ಅಮೆರಿಕನ್ ಸೇನೆಯ ಜೊತೆ ಹೋಗಿ ಡಾಖಾವ್ ಕ್ಯಾಂಪನ್ನು ಚಿತ್ರೀಕರಿಸಿದ್ದವರು. ಅಲ್ಲಿ ಏನಿತ್ತು ಎಂದು ಅವರಿಗಿಂತ ಚೆನ್ನಾಗಿ ಬಲ್ಲ ಹಾಲಿವುಡ್ ನಿರ್ದೇಶಕರು ಕಡಿಮೆ. ಆನ್‌ಳನ್ನು ಕ್ಯಾಂಪಿನಲ್ಲಿ ತೋರಿಸುವ ಅಂತ್ಯವನ್ನೂ ಅವರು ತೆಗೆದಿದ್ದರು. ಮೊದಲು ಪರೀಕ್ಷೆಗೆಂದು ತೋರಿಸಿದಾಗ ಪ್ರೇಕ್ಷಕರಿಗೆ ಅದು ಹಿಡಿಸಲಿಲ್ಲ. ಅದನ್ನು ಕಿತ್ತು, ಆಕಾಶ ತೋರಿಸಿ, 'ಜನ ಒಳ್ಳೆಯವರೇ' ಎಂಬ ಸಾಲು ಕೇಳಿಸಿ ಮುಗಿಸಿದರು. ಸಿನಿಮಾಗೆ ಮೂರು ಆಸ್ಕರ್ ಬಂತು. ಶೆಲಿ ವಿಂಟರ್ಸ್ ತಮಗೆ ಬಂದ ಆಸ್ಕರನ್ನು ಆನ್ ಫ್ರಾಂಕ್ ಮನೆಗೇ ಕೊಟ್ಟರು, ಈಗಲೂ ಅಲ್ಲಿದೆ.

ಇದಕ್ಕೆ ತದ್ವಿರುದ್ಧ 2001ರ ಅಮೆರಿಕನ್ ಟಿವಿ ಚಿತ್ರ. ಒಟ್ಟೊ ಪಾತ್ರದಲ್ಲಿ ಬೆನ್ ಕಿಂಗ್ಸ್‌ಲಿ, ನಮಗೆಲ್ಲ ಗಾಂಧಿಯಾಗಿ ಪರಿಚಯವಾದವರು. ಇದು ಡೈರಿಯನ್ನಲ್ಲ, ಒಂದು ಜೀವನಚರಿತ್ರೆಯನ್ನು ಆಧರಿಸಿತ್ತು. ಫಾಂಡ್ಸ್ ಒಪ್ಪಿಗೆ ಸಿಗಲಿಲ್ಲವಾದ್ದರಿಂದ ಡೈರಿಯ ಸಾಲುಗಳನ್ನು ಬಳಸುವಂತಿರಲಿಲ್ಲ. ಅದರಿಂದ ಒಂದು ವಿಚಿತ್ರ ಲಾಭವಾಯಿತು. ಬಾಯಿಪಾಠವಾದ ಸಾಲುಗಳ ಆಸರೆ ಇಲ್ಲದ್ದರಿಂದ ಚಿತ್ರ ಅಡಗುತಾಣದ ಮೊದಲಿನ ಬದುಕಿಗೆ ಹೋಯಿತು, ಆಮೇಲೆ ಅವಳು ಸತ್ತ ಬೆರ್ಗೆನ್-ಬೆಲ್ಸೆನ್ ಕ್ಯಾಂಪಿಗೂ ಹೋಯಿತು. ಬೋಳಿಸಿದ ತಲೆ, ಟೈಫಸ್, ಅಕ್ಕ ಮಾರ್ಗೊ ಸಾಯುವುದು, ಎಲ್ಲ ಬಂತು. ಅನುಮತಿ ಸಿಕ್ಕ ಸಿನಿಮಾ ಮಹಡಿಯ ಬಾಗಿಲಲ್ಲೇ ನಿಂತಿತು, ಸಿಗದ ಸಿನಿಮಾ ಕ್ಯಾಂಪಿನವರೆಗೆ ನಡೆಯಿತು.

ಕಾದಂಬರಿಕಾರರು ಈ ಅನುಮತಿಯ ಗೊಡವೆಗೇ ಹೋಗಲಿಲ್ಲ. 1979ರಲ್ಲಿ ಫಿಲಿಪ್ ರಾತ್ ತಮ್ಮ 'ದ ಘೋಸ್ಟ್ ರೈಟರ್'ನಲ್ಲಿ ಒಬ್ಬ ಯುವ ಲೇಖಕನ ಕಲ್ಪನೆಯಲ್ಲಿ ಆನ್‌ಳನ್ನು ಬದುಕಿಸಿ ಅಮೆರಿಕಕ್ಕೆ ಕರೆತಂದರು. ಅಲ್ಲಿ ಅವಳಿಗೆ ಒಂದು ಇಕ್ಕಟ್ಟು: ನಾನು ಬದುಕಿದ್ದೇನೆ ಎಂದು ಹೇಳಿಬಿಟ್ಟರೆ ಡೈರಿಯ ಶಕ್ತಿ ಹೋಗುತ್ತದೆ. ಆನ್ ಎಂಬ ಪಾತ್ರದ ಬಗ್ಗೆ ಬಂದ ಬರಹಗಳಲ್ಲಿ ನನಗೆ ತೀರಾ ಚುರುಕು ಅನ್ನಿಸಿದ್ದು ಇದು.

ತಾರೀಕಿನ ಲೆಕ್ಕ

ಈಗ ಕೋರ್ಟಿಗೆ ವಾಪಸು ಹೋಗೋಣ. ಯುರೋಪಿನಲ್ಲಿ ಸಾಮಾನ್ಯ ನಿಯಮ: ಲೇಖಕರು ತೀರಿಕೊಂಡ ಮೇಲೆ 70 ವರ್ಷ ಕಾಪಿರೈಟ್. ಆನ್ ಸತ್ತದ್ದು 1945ರಲ್ಲಿ. ಲೆಕ್ಕದ ಪ್ರಕಾರ 2016ರ ಜನವರಿ 1ಕ್ಕೆ ಡೈರಿ ಎಲ್ಲರದ್ದಾಗಬೇಕಿತ್ತು. ಬೆಲ್ಜಿಯಂನಲ್ಲಿ ಹಾಗೇ ಆಯಿತು. ನೆದರ್ಲೆಂಡ್ಸ್‌ನಲ್ಲಿ ಹಳೆಯ ಕಾನೂನಿನ ಒಂದು ಕೊಂಡಿ ಉಳಿದಿತ್ತು. ಲೇಖಕರ ಸಾವಿನ ನಂತರ ಅಚ್ಚಾದ ಬರಹಕ್ಕೆ, ಅಚ್ಚಾದ ವರ್ಷದಿಂದ 50 ವರ್ಷ ರಕ್ಷಣೆ. ಎ ಮತ್ತು ಬಿ ಪ್ರತಿಗಳು ಪೂರ್ತಿಯಾಗಿ ಅಚ್ಚಾದದ್ದು 1986ರ ವಿದ್ವತ್ ಆವೃತ್ತಿಯಲ್ಲಿ. ಹಾಗಾಗಿ ಅಲ್ಲಿ 2037ರವರೆಗೆ ಬೀಗ. ಅಮೆರಿಕದಲ್ಲಿ 1947ರ ಪುಸ್ತಕಕ್ಕೆ 95 ವರ್ಷದ ಲೆಕ್ಕ, ಅಂದರೆ 2042ರ ಕೊನೆಯವರೆಗೆ. 2016ರಲ್ಲಿ ವಿಕಿಪೀಡಿಯ ನಡೆಸುವ ವಿಕಿಮೀಡಿಯಾದವರು ತಮ್ಮ ತಾಣದಿಂದ ಡಚ್ ಪಠ್ಯವನ್ನು ತೆಗೆದದ್ದು ಇದೇ ಕಾರಣಕ್ಕೆ.

ಇದರ ಮಧ್ಯೆ ಫಾಂಡ್ಸ್ 2015ರಲ್ಲಿ ಇನ್ನೊಂದು ವಾದ ಮುಂದಿಟ್ಟಿತು. 1947ರ ಪುಸ್ತಕವನ್ನು ಜೋಡಿಸಿದ್ದು ಒಟ್ಟೊ, ಆದ್ದರಿಂದ ಅವರೂ ಕರ್ತೃ, ಅವರು ತೀರಿದ್ದು 1980ರಲ್ಲಿ, ಹಾಗಾಗಿ 2050ರವರೆಗೆ ಹಕ್ಕು ನಮ್ಮದು. ವಕೀಲರ ಕಣ್ಣಿಗೆ ಇದು ಸರಿ ಕಾಣಬಹುದು. ಆದರೆ ಈ ಡೈರಿಯ ಇತಿಹಾಸ ಗೊತ್ತಿದ್ದವರಿಗೆ ಎದೆ ಧಸಕ್ಕೆಂದಿತು. ಯಹೂದ್ಯರ ಹತ್ಯಾಕಾಂಡವೇ ಸುಳ್ಳು ಎನ್ನುವವರು 1950ರ ದಶಕದಿಂದ ಹೇಳುತ್ತಾ ಬಂದದ್ದು ಏನು? ಡೈರಿ ಮಗಳು ಬರೆದದ್ದಲ್ಲ, ಅಪ್ಪನ ಕೈವಾಡ ಎಂದು. ಒಟ್ಟೊ ಬದುಕಿನ ಕೊನೆಯವರೆಗೂ ಅವರ ವಿರುದ್ಧ ಕೋರ್ಟು ಅಲೆದರು. ಬಾಲ್‌ಪೆನ್ನಿನಲ್ಲಿ ಬರೆದಿದೆ ಅನ್ನೋ ಗುಲ್ಲೂ ಎದ್ದಿತ್ತು, ಆಮೇಲೆ ಯಾರೋ ಪರಿಶೀಲಕರು ಹಾಳೆಗಳ ನಡುವೆ ಬಿಟ್ಟಿದ್ದ ಎರಡು ಚೀಟಿಗಳು ಅವು ಎಂದು ತಿಳಿಯಿತು. 1986ರ ಆವೃತ್ತಿಯಲ್ಲಿ ಕೈಬರಹ, ಶಾಯಿ, ಕಾಗದದ ಪರೀಕ್ಷೆಯ ವರದಿ ಸೇರಿಸಿದ್ದೇ ಈ ಬಾಯಿಗಳನ್ನು ಮುಚ್ಚಿಸಲು. ಅಷ್ಟೆಲ್ಲ ಆದ ಮೇಲೆ ಕಾಪಿರೈಟ್ ಉಳಿಸಲು 'ಅಪ್ಪನೂ ಕರ್ತೃ' ಎಂದರೆ ಏನನ್ನಬೇಕು?

ಎರಡು ಕಡೆಯವರು ಹೇಳುವುದು

ಫಾಂಡ್ಸ್ ಕಡೆಯ ಮಾತನ್ನೂ ಕೇಳಬೇಕು. ಡೈರಿಯಿಂದ ಬರುವ ದುಡ್ಡು ದಾನಕ್ಕೆ ಹೋಗುತ್ತದೆ, ಯುನಿಸೆಫ್‌ನಂಥ ಕಡೆಗೂ. ಹಿಡಿತ ಇಲ್ಲದಿದ್ದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡುತ್ತಾರೆ ಅನ್ನೋ ಅವರ ಭಯ ಸುಳ್ಳೇನಲ್ಲ. 2025ರಲ್ಲಿ ನ್ಯೂಯಾರ್ಕ್‌ನಲ್ಲಿ 'ಸ್ಲ್ಯಾಮ್ ಫ್ರಾಂಕ್' ಅನ್ನೋ ಸಂಗೀತ ನಾಟಕ ಆನ್‌ಳನ್ನು ಲ್ಯಾಟಿನ್ ಅಮೆರಿಕ ಮೂಲದ ಹುಡುಗಿಯಾಗಿ ಮಾಡಿತು. ಇತಿಹಾಸವನ್ನೆಲ್ಲ ಇವತ್ತಿನ ಗುರುತಿನ ರಾಜಕೀಯಕ್ಕೆ ಹೊಂದಿಸುವವರನ್ನು ಗೇಲಿ ಮಾಡಲು ಬರೆದ ನಾಟಕ ಅದು. ಗೇಲಿ ಯಾರದ್ದು ಅನ್ನೋದರ ಬಗ್ಗೆಯೇ ಜಗಳವಾಯಿತು, ನಿಲ್ಲಿಸಿ ಎಂದು ಸಹಿ ಸಂಗ್ರಹವೂ ನಡೆಯಿತು. ವಿಡಂಬನೆಗೆ ಅನುಮತಿಯ ಹಂಗು ಕಡಿಮೆ, ಆದ್ದರಿಂದ ಕಾಪಿರೈಟ್ ಇದ್ದೂ ಇಂಥವು ಬರುತ್ತವೆ.

ಇನ್ನು ಫಾಂಡ್ಸ್ ಬರೀ ತಡೆಯುವ ಸಂಸ್ಥೆ ಅಲ್ಲ. ಇಸ್ರೇಲಿ ನಿರ್ದೇಶಕ ಆರಿ ಫೋಲ್ಮನ್ ಜೊತೆ ಸೇರಿ 2017ರಲ್ಲಿ ಡೈರಿಯ ಚಿತ್ರರೂಪದ ಪುಸ್ತಕ ತಂದಿತು. 2021ರ ಅನಿಮೇಷನ್ ಚಿತ್ರಕ್ಕೂ ಬೆಂಬಲ ಕೊಟ್ಟಿತು. ಅದರಲ್ಲಿ ಡೈರಿಯ ಕಾಲ್ಪನಿಕ ಗೆಳತಿ ಕಿಟ್ಟಿ ಇವತ್ತಿನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜೀವ ತಳೆದು ಆನ್‌ಳನ್ನು ಹುಡುಕುತ್ತಾಳೆ, ನಿರಾಶ್ರಿತ ಮಕ್ಕಳ ಜೊತೆ ಸೇರುತ್ತಾಳೆ. ಚಿತ್ರಪುಸ್ತಕದ ಗತಿ ನೋಡಿ: ಆನ್ ಗೆಳತಿಯ ಮೈ ಬಗ್ಗೆ ಕುತೂಹಲದಿಂದ ಬರೆದ ಒಂದು ಭಾಗ ಅದರಲ್ಲಿದೆ ಎಂದು 2023ರಲ್ಲಿ ಫ್ಲೋರಿಡಾದ ಒಂದು ಹೈಸ್ಕೂಲಿನ ಲೈಬ್ರರಿಯಿಂದ ತೆಗೆದರು. 1947ರ ಡಚ್ ಪುಸ್ತಕ ಹಿಂಜರಿದದ್ದಕ್ಕೇ 76 ವರ್ಷದ ನಂತರ ಇವರು ಸಿಟ್ಟಾದರು.

ಸ್ಟಿಖ್ಟಿಂಗ್ ಕಡೆಯವರ ಮಾತು: ಮೂಲ ಪಠ್ಯ ಸಂಶೋಧಕರಿಗೆ ಸಿಗಬೇಕು, ಕಾನೂನು ಬಿಟ್ಟ ದೇಶಗಳಲ್ಲಿ ಮಾತ್ರ ಕೊಡುತ್ತಿದ್ದೇವೆ, ಬಿಡದ ದೇಶಗಳಿಗೆ ಬೀಗ ಹಾಕಿದ್ದೇವೆ, ಒಳಗೆ ಬರುವವರು ಯಾವ ದೇಶದಲ್ಲಿದ್ದೇವೆ ಎಂದು ಹೇಳಿಯೇ ಬರಬೇಕು. ಇನ್ನೇನು ಮಾಡಬೇಕು? ಫಾಂಡ್ಸ್ ಹೇಳುವುದು: ಅರ್ಧ ನಿಮಿಷದಲ್ಲಿ ವಿಪಿಎನ್ ಹಾಕಿ ದಾಟುವ ಬೀಗ ಬೀಗವೇ ಅಲ್ಲ.

ತೀರ್ಪಿನಿಂದ ಏನಾಗುತ್ತದೆ

ವಿಪಿಎನ್‌ನಿಂದ ದಾಟಬಹುದಾದ ಬೀಗ ಸಾಲದು ಅನ್ನೋ ನಿಲುವು ಗೆದ್ದರೆ ಪರಿಣಾಮ ಡೈರಿಗಷ್ಟೇ ಅಲ್ಲ. ಸಿನಿಮಾ, ಕ್ರಿಕೆಟ್, ಧಾರಾವಾಹಿ ತೋರಿಸುವ ಕಂಪನಿಗಳೆಲ್ಲ ದೇಶ ದೇಶಕ್ಕೆ ಬೇರೆ ಬೇರೆ ಹಕ್ಕು ಕೊಂಡು ಇದೇ ಥರದ ಬೀಗ ನಂಬಿಕೊಂಡು ನಡೆಯುತ್ತಿವೆ. ಆ ಇಡೀ ವ್ಯವಹಾರ ಅಲ್ಲಾಡುತ್ತದೆ. ಜೊತೆಗೆ ಯಾವ ಪಠ್ಯವೇ ಆಗಲಿ, ಯುರೋಪಿನಲ್ಲಿ ಎಲ್ಲ ಕಡೆ ಕಾಪಿರೈಟ್ ಮುಗಿಯುವವರೆಗೆ ಎಲ್ಲಿಯೂ ಆನ್‌ಲೈನ್ ಹಾಕಲು ಲೈಬ್ರರಿಗಳು ಹೆದರುತ್ತವೆ. ಅಂದರೆ ಅತಿ ಉದ್ದದ ಕಾನೂನಿರುವ ದೇಶದ ಲೆಕ್ಕವೇ ಎಲ್ಲರ ಮೇಲೂ ಕೂರುತ್ತದೆ. ಪ್ರಾಮಾಣಿಕವಾಗಿ ಹಾಕಿದ ಬೀಗ ಸಾಕು ಎಂದಾದರೆ ಈಗಿನ ಸ್ಥಿತಿ ಮುಂದುವರಿಯುತ್ತದೆ.

ಪಾತ್ರದ ಮಟ್ಟಿಗೆ ನನ್ನ ಅಂದಾಜು ಬೇರೆ. ಹೇಗಿದ್ದರೂ 2037 ಬಹಳ ದೂರವಿಲ್ಲ. ಆಗ ಹತ್ತಾರು ಆನ್‌ಗಳು ಬರುತ್ತಾರೆ, ಅದರಲ್ಲಿ ಕೆಲವು ಕೆಟ್ಟದಾಗಿಯೂ ಇರುತ್ತವೆ. ಅನುಮತಿ ಇದ್ದಾಗಲೂ ಫೆಫರ್‌ಗೆ ಆದದ್ದನ್ನು ನೋಡಿದೆವು. ನಾಟಕದ ಡುಸೆಲ್ ಸುಳ್ಳು ಎಂದು ಇವತ್ತು ನಮಗೆ ಹೇಗೆ ಗೊತ್ತು? ಮೂಲ ಪಠ್ಯ, ಅಕ್ಕಪಕ್ಕದ ದಾಖಲೆ, ಬದುಕಿದ್ದವರ ಪತ್ರ ಸಂಶೋಧಕರ ಕೈಗೆ ಸಿಕ್ಕಿದ್ದರಿಂದ. 1997ರಲ್ಲಿ ವೆಂಡಿ ಕೆಸೆಲ್‌ಮನ್ ಹಳೆಯ ನಾಟಕವನ್ನು ತಿದ್ದಿ, ನಟಾಲಿ ಪೋರ್ಟ್‌ಮನ್ ಆನ್ ಆಗಿ ಬ್ರಾಡ್‌ವೇಗೆ ಬಂದಾಗ ಬಿಟ್ಟುಹೋದ ಯೆಹೂದಿ ಬದುಕಿನ ಭಾಗಗಳು ವಾಪಸು ಬಂದದ್ದೂ ಪೂರ್ತಿ ಪಠ್ಯ ಅಷ್ಟರಲ್ಲಿ ಅಚ್ಚಾಗಿದ್ದರಿಂದಲೇ. ಆ ಮಟ್ಟಿಗೆ ನನ್ನ ಒಲವು ಪಠ್ಯ ತೆರೆದಿಡುವವರ ಕಡೆಗೆ.

ನಮ್ಮ ಕಡೆ ಲೆಕ್ಕ ಏನು

ಸಿಬಿಎಸ್‌ಇ ಹತ್ತನೇ ತರಗತಿಯಲ್ಲಿ ಓದಿದ ಮಕ್ಕಳಿಗೆ ಆನ್ ಇಂಗ್ಲಿಷ್ ಪಾಠದಲ್ಲಿ ಸಿಕ್ಕಿರುತ್ತಾಳೆ. ಕ್ಲಾಸಿನಲ್ಲಿ ಮಾತಾಡಿದ್ದಕ್ಕೆ ಗಣಿತದ ಮೇಷ್ಟ್ರು ಪ್ರಬಂಧ ಬರೆಸುವ, ಇವಳು ಬಾತುಕೋಳಿ ಪದ್ಯ ಬರೆದು ಅವರನ್ನೇ ನಗಿಸುವ ವಾಚಾಳಿ ಹುಡುಗಿ. ಅವಳೂ ನಿಜವಾದ ಆನ್‌ಳೇ, ಆದರೆ ಒಂದು ತುಣುಕು.

ಭಾರತದ ಕಾನೂನಿನಲ್ಲಿ ಲೇಖಕರ ಸಾವಿನ ನಂತರ ಮೊದಲ ಸಲ ಅಚ್ಚಾದ ಕೃತಿಗೆ, ಅಚ್ಚಾದ ವರ್ಷ ಮುಗಿದ ಮೇಲೆ 60 ವರ್ಷ ರಕ್ಷಣೆ. 1947ರ ಡಚ್ ಪುಸ್ತಕವನ್ನು ಆನ್ ಬರೆದದ್ದು ಎಂದು ಲೆಕ್ಕ ಹಾಕಿದರೆ ಅದು 2007ರ ಕೊನೆಗೇ ಮುಗಿದಿದೆ. ಒಟ್ಟೊ ಕೂಡ ಕರ್ತೃ ಎಂಬ ವಾದ ಒಪ್ಪಿದರೆ 2040. 1986ರಲ್ಲಿ ಹೊಸದಾಗಿ ಅಚ್ಚಾದ ಭಾಗಗಳ ಲೆಕ್ಕ ಬೇರೆ. ಇಂಗ್ಲಿಷ್ ಅನುವಾದಗಳಿಗೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ಇನ್ನು ಬ್ರಾಡ್‌ವೇ ನಾಟಕ: ಬರೆದ ಇಬ್ಬರಲ್ಲಿ ಕೊನೆಗೆ ತೀರಿಕೊಂಡದ್ದು ಹ್ಯಾಕೆಟ್, 1995ರಲ್ಲಿ. ಇಲ್ಲಿ ಅದು 2055ರವರೆಗೆ ಹಕ್ಕುದಾರರದ್ದೇ.

ಹಾಗಾಗಿ ಮೈಸೂರಲ್ಲೋ ಧಾರವಾಡದಲ್ಲೋ ಒಂದು ತಂಡ ಆನ್ ಬಗ್ಗೆ ನಾಟಕ ಮಾಡಬೇಕೆಂದರೆ, ಹನುಕ್ಕಾ ಗೊತ್ತಿಲ್ಲದ ಡುಸೆಲ್ ಇರುವ ನಾಟಕಕ್ಕೆ ಅನುಮತಿ ಬೇಕು, ದುಡ್ಡು ಕಟ್ಟಬೇಕು. ಆನ್‌ಳ ಡಚ್ ಮಾತಿನಿಂದ ನೇರವಾಗಿ ಹೊಸದಾಗಿ ಕಟ್ಟಿಕೊಳ್ಳುವುದಾದರೆ ದಾರಿ ಹೆಚ್ಚುಕಮ್ಮಿ ಖುಲ್ಲಾ ಇದೆ. ಡಚ್ ಬಲ್ಲ ಕನ್ನಡಿಗರೊಬ್ಬರು ಸಿಗಬೇಕು, ಅಷ್ಟೇ.